ಬೆಂಗಳೂರಿನ ಬಿಯರು, ಬಂಟ್ವಾಳದ ಮನೆತನ, ಪೋಲೆಂಡಿನ ನೆಂಟರು



2025ರ ಜನವರಿ 8ರಂದು ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಕಂಪನಿ ತೆಲಂಗಾಣಕ್ಕೆ ಬಿಯರ್ ಪೂರೈಸುವುದನ್ನು ನಿಲ್ಲಿಸಿತು. 2019-20ರ ನಂತರ ಸರ್ಕಾರ ಮೂಲಬೆಲೆ ಏರಿಸಿಲ್ಲ, ಹಳೆಯ ಬಾಕಿಯನ್ನೂ ತೀರಿಸಿಲ್ಲ, ಹೀಗಾದರೆ ನಷ್ಟ ಎಂದು ಕಂಪನಿಯ ವಾದ. ನಮ್ಮ ರಾಜ್ಯದಲ್ಲಿ ಎಲ್ಲ ಮದ್ಯವನ್ನೂ ಸರ್ಕಾರದ ನಿಗಮವೇ ಕೊಂಡು ಅಂಗಡಿಗಳಿಗೆ ಮಾರುತ್ತದೆ, ಬೆಲೆಯನ್ನೂ ಅದೇ ಗೊತ್ತುಮಾಡುತ್ತದೆ. ಹಾಗಾಗಿ ಜಗಳ ಕಂಪನಿಗೂ ಸರ್ಕಾರಕ್ಕೂ, ಚಿಂತೆ ಮಾತ್ರ ಗಿರಾಕಿಗೆ. ನಾರಾಯಣಗೂಡದಿಂದ ಹಿಮಾಯತ್‌ನಗರದವರೆಗಿನ 'ವೈನ್ಸ್' ಅಂಗಡಿಗಳ ಮುಂದೆ ಕಿಂಗ್‌ಫಿಷರ್ ಸಿಗುತ್ತದೋ ಇಲ್ಲವೋ ಎಂಬುದೇ ಮಾತು. (ಈ ಊರಲ್ಲಿ ವೈನ್ ಬಿಟ್ಟು ಉಳಿದದ್ದನ್ನೆಲ್ಲ ಮಾರುವ ಅಂಗಡಿಗೆ ವೈನ್ಸ್ ಎಂಬ ಹೆಸರು ಹೇಗೆ ಬಂತೋ, ಬಲ್ಲವರು ಬರೆದು ತಿಳಿಸಿ.) ಎರಡು ವಾರದೊಳಗೆ ಪೂರೈಕೆ ಮತ್ತೆ ಶುರುವಾಯಿತು, ಫೆಬ್ರವರಿಯಲ್ಲಿ ಸರ್ಕಾರ ಬಿಯರ್ ಬೆಲೆಯನ್ನು ಶೇಕಡಾ 15 ಏರಿಸಿತು.

ಆ ದಿನಗಳಲ್ಲಿ ಬಹಳ ಜನ ಇದನ್ನು 'ಮಲ್ಯ ಕಂಪನಿ' ಎಂದೇ ಕರೆಯುತ್ತಿದ್ದುದು ನಿಮಗೂ ನೆನಪಿರಬಹುದು. ಆದರೆ 2021ರಿಂದ ಅದು ಮಲ್ಯರದ್ದಲ್ಲ, ಹಾಲೆಂಡಿನ ಹೈನೆಕೆನ್ ಕಂಪನಿಯದು. ಇನ್ನೂ ಹಿಂದಕ್ಕೆ ಹೋದರೆ, ಅದನ್ನು ಸ್ಥಾಪಿಸಿದವರೂ ಮಲ್ಯರಲ್ಲ. ಒಂದು ಮನೆತನ ಕಟ್ಟದ ಕಾರ್ಖಾನೆ ಆ ಮನೆತನದ ಹೆಸರಲ್ಲಿ ಹೇಗೆ ಉಳಿಯಿತು, ಅದು ಇದ್ದ ಊರಿಗೆ ಏನು ಕೊಟ್ಟಿತು ಎಂಬ ಕಥೆ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಕುಡಿಯದವರೂ ಓದಬಹುದು, ಇದು ಇತಿಹಾಸ.

ಬಿಯರು ನಮ್ಮ ನಾಡಿನ ಪಾನೀಯವಲ್ಲ. ನಮ್ಮಲ್ಲಿ ಇದ್ದದ್ದು ಈಚಲು, ತಾಳೆ ಮರಗಳ ಹೆಂಡ. ಕಲಬುರಗಿ, ರಾಯಚೂರು, ಬೀದರ ಕಡೆಯ ಹಿರಿಯರು ಅದನ್ನೇ ಸಿಂದಿ ಎನ್ನುತ್ತಾರೆ. ಬಿಯರು ಬಂದದ್ದು ಇಂಗ್ಲಿಷ್ ಸಿಪಾಯಿಯ ಬೆನ್ನ ಹಿಂದೆ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟ ಸೈನ್ಯಕ್ಕೆ ಅಲ್ಲಿನ ಮಲೇರಿಯಾ ತಾಳಲಾಗದೆ, 1809ರಲ್ಲಿ ದಂಡು ಬೆಂಗಳೂರಿಗೆ ಬಂತು. ಅದಕ್ಕೆ ಮೂರು ವರ್ಷ ಮೊದಲು, 1806ರಲ್ಲಿ, ಇಲ್ಲಿ ಹುಸೇನ್ ಸಾಗರದ ಆಚೆಯ ದಂಡಿನ ಊರಿಗೆ ನಿಜಾಮ ಸಿಕಂದರ್ ಜಾಹ್ ಹೆಸರಿಟ್ಟು ಸಿಕಂದರಾಬಾದ್ ಎಂದರು. ಬೆಂಗಳೂರಿಗೆ ಪೇಟೆ ಬೇರೆ, ದಂಡು ಬೇರೆ. ನಮಗೆ ಹೈದರಾಬಾದ್ ಬೇರೆ, ಸಿಕಂದರಾಬಾದ್ ಬೇರೆ. ಎರಡು ಊರಿನವರಿಗೂ ಈ ಜೋಡಿ ಸಂಸಾರ ಹೊಸದೇನಲ್ಲ.

ಆ ಕಾಲದ ದಂಡಿನಲ್ಲಿ ನೀರು ಕುಡಿಯುವುದೇ ಅಪಾಯ. ಕಾಲರಾ, ವಿಷಮಶೀತ ಜ್ವರದಿಂದ ಸತ್ತ ಸಿಪಾಯಿಗಳು ಯುದ್ಧದಲ್ಲಿ ಸತ್ತವರಿಗಿಂತ ಹೆಚ್ಚು. ಬಿಯರು ಮಾಡುವಾಗ ನೀರನ್ನು ಕುದಿಸುತ್ತಾರೆ, ಹಾಗಾಗಿ ಅದು ನೀರಿಗಿಂತ ಸುರಕ್ಷಿತ. ಸಾರಾಯಿ ಕುಡಿದು ಸಿಪಾಯಿ ಮೋರಿಯಲ್ಲಿ ಬೀಳುವುದಕ್ಕಿಂತ ಬಿಯರು ವಾಸಿ ಎಂಬುದು ಅಧಿಕಾರಿಗಳ ಲೆಕ್ಕ. ಇಂಗ್ಲೆಂಡಿನಿಂದ ಪೀಪಾಯಿಗಳಲ್ಲಿ ತರಿಸುವುದು ದುಬಾರಿಯಾಗಿ, ಇಲ್ಲೇ ತಯಾರಿಸುವ ಯೋಚನೆ ಹುಟ್ಟಿತು.

ಬಿಯರಿನ ವಿದ್ಯೆ ನಮ್ಮ ಅಡಿಗೆಮನೆಗೆ ತೀರಾ ದೂರದ್ದಲ್ಲ. ಮಗುವಿಗೆ ಸರಿ ಮಾಡಲು ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಬೀಸುತ್ತೇವಲ್ಲ, ಬಾರ್ಲಿಗೂ ಅದನ್ನೇ ಮಾಡುತ್ತಾರೆ. ಮೊಳಕೆಯೊಡೆದಾಗ ಕಾಳಿನ ಪಿಷ್ಟ ಸಕ್ಕರೆಯಾಗಲು ಸಿದ್ಧವಾಗುತ್ತದೆ. ಆ ಹಿಟ್ಟನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಹಾಪ್ ಎಂಬ ಬಳ್ಳಿಯ ಕಹಿ ಹೂವಿನೊಡನೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸಿ ಹುದುಗಲು ಬಿಡುತ್ತಾರೆ. ಕಷ್ಟವಿರುವುದು 'ತಣಿಸಿ' ಎಂಬಲ್ಲಿ. ನಮ್ಮ ದೋಸೆ ಹಿಟ್ಟು ಬೇಸಿಗೆಯಲ್ಲಿ ಬೇಗ ಹುಳಿಯಾಗುವ ಹಾಗೆ, ಬಿಸಿಯಲ್ಲಿ ಬಿಯರೂ ಕೆಡುತ್ತದೆ. ಯಂತ್ರದಿಂದ ತಂಪು ಮಾಡುವ ವಿದ್ಯೆ ಬಿಯರ್ ಕಾರ್ಖಾನೆಗಳಿಗೆ ಬಂದದ್ದೇ 1870ರ ದಶಕದಲ್ಲಿ, ಜರ್ಮನಿಯ ಕಾರ್ಲ್ ಲಿಂಡೆಯಿಂದ. ಅದಕ್ಕೆ ಮೊದಲು ತಂಪಿನ ಊರು ಹುಡುಕಿಕೊಂಡು ಹೋಗದೆ ಬೇರೆ ದಾರಿಯಿರಲಿಲ್ಲ. ಆದ್ದರಿಂದಲೇ ಉತ್ತರದಲ್ಲಿ ಕಸೌಲಿ, ಸೋಲನ್, ಮರ್ರಿ ಬೆಟ್ಟಗಳಲ್ಲೂ ದಕ್ಷಿಣದಲ್ಲಿ ನೀಲಗಿರಿಯಲ್ಲೂ ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲೂ ಕಾರ್ಖಾನೆಗಳು ಎದ್ದವು. ಸಿಕಂದರಾಬಾದಿನ ಮೇ ತಿಂಗಳು ಈ ಕೆಲಸಕ್ಕೆ ಹೇಳಿದ್ದಲ್ಲ.

ಯುನೈಟೆಡ್ ಬ್ರೂವರೀಸ್ ತನ್ನ ಬೇರನ್ನು 1857ರ ಕ್ಯಾಸಲ್ ಬ್ರೂವರಿಯಿಂದ ಎಣಿಸುತ್ತದೆ. ಕಂಪನಿಯಾಗಿ ಅದು ಹುಟ್ಟಿದ್ದು 1915ರಲ್ಲಿ. ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಚಿಕ್ಕ ಕಾರ್ಖಾನೆಗಳನ್ನು ಒಂದುಗೂಡಿಸಿ ಈ ಹೆಸರಿಟ್ಟ. ಯುನೈಟೆಡ್ ಎಂದರೆ ಇಷ್ಟೇ ಅರ್ಥ. ಮೊದಲ ಮಹಾಯುದ್ಧದ ಕಾಲ. ಗಿರಾಕಿ ಯಾರೆಂದು ಕೇಳಬೇಕಿಲ್ಲ. ಹಾಗ್ಸ್‌ಹೆಡ್ ಎಂಬ ದೊಡ್ಡ ಮರದ ಪೀಪಾಯಿಗಳಲ್ಲಿ, ಒಂದೊಂದರಲ್ಲಿ ಹೆಚ್ಚುಕಡಿಮೆ 245 ಲೀಟರು, ಎತ್ತಿನ ಗಾಡಿಗಳ ಮೇಲೆ ಬಿಯರು ಸೈನಿಕರ ಬ್ಯಾರಕ್ಕುಗಳಿಗೆ ಹೋಗುತ್ತಿತ್ತು. ಬೆಂಗಳೂರಿನ ಗ್ರಾಂಟ್ ರಸ್ತೆಯಲ್ಲಿ, ಕಬ್ಬನ್ ಪಾರ್ಕಿನ ಪಕ್ಕದಲ್ಲಿ, ಅದರ ಕಾರ್ಖಾನೆಯಿತ್ತು.

ಆ ದಂಡಿನ ಬದುಕು ಹೇಗಿತ್ತೆನ್ನಲು ಒಬ್ಬನ ಹೆಸರು ಸಾಕು. 1896ರಲ್ಲಿ ಬೆಂಗಳೂರಿಗೆ ಬಂದ ತರುಣ ಸೇನಾಧಿಕಾರಿ ವಿನ್‌ಸ್ಟನ್ ಚರ್ಚಿಲ್. ಬಂದ ಕೆಲವೇ ವಾರಗಳಲ್ಲಿ ಅವನ ತಂಡ ನಮ್ಮ ಹೈದರಾಬಾದಿಗೆ ಬಂದು ಪೋಲೋ ಪಂದ್ಯದಲ್ಲಿ ಗೋಲ್ಕೊಂಡ ಕಪ್ ಗೆದ್ದುಕೊಂಡು ಹೋಯಿತು. ಬೆಂಗಳೂರು ಕ್ಲಬ್ಬಿನಲ್ಲಿ ಅವನು ತೀರಿಸದೆ ಹೋದ 13 ರೂಪಾಯಿಯ ದಾಖಲೆ ಇಂದಿಗೂ ಇದೆ. ಆ ಬಾಕಿಯಲ್ಲಿ ಬಿಯರಿನ ಪಾಲೆಷ್ಟೋ ಯಾರೂ ಬರೆದಿಟ್ಟಿಲ್ಲ.

ಇಲ್ಲಿ ಕಥೆಗೆ ನಮ್ಮವರ ಪ್ರವೇಶ. ಬಂಟ್ವಾಳ ನೇತ್ರಾವತಿಯ ದಂಡೆಯ ಊರು. ಅಲ್ಲಿನ ಕೊಂಕಣಿ ಮನೆಮಾತಿನ ಗೌಡ ಸಾರಸ್ವತ ಕುಟುಂಬದ ಬಂಟ್ವಾಳ ಗಣಪತಿ ಮಲ್ಯ ಸೈನ್ಯದಲ್ಲಿ ವೈದ್ಯರು. ಅವರ ಮಗ ವಿಠಲ ಮಲ್ಯ ಹುಟ್ಟಿದ್ದು 1924ರಲ್ಲಿ, ಢಾಕಾದಲ್ಲಿ. ಓದಿದ್ದು ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. ಎರಡನೆಯ ಮಹಾಯುದ್ಧ ಮುಗಿದು ಬ್ರಿಟಿಷರು ಹೊರಡುವುದು ಖಚಿತವಾಗುತ್ತಿದ್ದಂತೆ ಈ ಹುಡುಗ ಯುನೈಟೆಡ್ ಬ್ರೂವರೀಸಿನ ಷೇರುಗಳನ್ನು ಕೊಳ್ಳತೊಡಗಿದ. ಗಿರಾಕಿಗಳೇ ಹಡಗು ಹತ್ತುತ್ತಿರುವಾಗ ಬಿಯರ್ ಕಂಪನಿ ಯಾರಿಗೆ ಬೇಕು? 1947ರಲ್ಲಿ, 23ರ ವಯಸ್ಸಿನಲ್ಲಿ, ಅವರು ಆ ಕಂಪನಿಯ ಮೊದಲ ಭಾರತೀಯ ನಿರ್ದೇಶಕ. ಮರುವರ್ಷ ಪ್ರೈಸ್ ಎಂಬ ಇಂಗ್ಲಿಷರ ಜಾಗದಲ್ಲಿ ಅಧ್ಯಕ್ಷ. ಬೆಂಗಳೂರಿನ ದಂಡು ಪ್ರದೇಶವನ್ನು ಬ್ರಿಟಿಷರು ಮೈಸೂರು ಸಂಸ್ಥಾನಕ್ಕೆ ಹಿಂತಿರುಗಿಸಿದ್ದೂ 1947ರ ಜುಲೈನಲ್ಲೇ. ಊರು ಒಬ್ಬರಿಂದ ಒಬ್ಬರಿಗೆ ದಾಟಿತು, ಊರಿನ ಬಿಯರೂ ದಾಟಿತು.

1948ರ ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1937ರಲ್ಲಿ ರಾಜಾಜಿ ಸೇಲಂನಿಂದ ಆರಂಭಿಸಿದ ಪಾನನಿರೋಧ ಮದರಾಸು ಪ್ರಾಂತ್ಯಕ್ಕೆಲ್ಲ ಹಬ್ಬಿದ್ದು ಆ ವರ್ಷವೇ. ಬಂಟ್ವಾಳವಿದ್ದ ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿತ್ತು. ಅಂದರೆ ಮನೆತನದ ಊರಿನ ಜಿಲ್ಲೆಯಲ್ಲಿ ಮದ್ಯ ಮುಟ್ಟುವಂತಿಲ್ಲ, ಬೆಂಗಳೂರಿನಲ್ಲಿ ಮದ್ಯದ ಕಂಪನಿಗೆ ಅಧ್ಯಕ್ಷ! ಮುಂಬಯಿಯಲ್ಲೂ ಪಾನನಿರೋಧ ಬಂತು. ರಾಜ್ಯಾಂಗದ 47ನೆಯ ವಿಧಿ ಮದ್ಯ ತಡೆಯುವುದು ಸರ್ಕಾರದ ಗುರಿ ಎಂದಿತು. ಹೆದರಿದವರು ಮಾರಿದರು, ವಿಠಲ ಮಲ್ಯ ಕೊಂಡರು. 1826ರಷ್ಟು ಹಳೆಯ ಮದರಾಸಿನ ಮ್ಯಾಕ್‌ಡೊವೆಲ್ ಕಂಪನಿ 1951ರಲ್ಲಿ ಅವರ ಕೈಗೆ ಬಂತು. ಪ್ರಚಾರ ಬೇಡದ, ಕೈಬಿಗಿ ಹಿಡಿದು ಖರ್ಚು ಮಾಡುವ ಮನುಷ್ಯ ಎಂದು ಅವರ ಹೆಸರು. ಧೈರ್ಯವೆಂದರೆ ಗದ್ದಲ ಮಾಡುವುದೆಂದು ತಿಳಿದವರು ಈ ಮನುಷ್ಯನನ್ನು ನೋಡಬೇಕಿತ್ತು. ಎಲ್ಲರೂ ಬಾಗಿಲು ಮುಚ್ಚುವ ಹೊತ್ತಿನಲ್ಲಿ ಬಾಗಿಲನ್ನೇ ಕೊಳ್ಳುವುದು ಅವರ ಪದ್ಧತಿ.

ಇಂಥದ್ದು ಅವರೊಬ್ಬರ ಕಥೆಯೂ ಅಲ್ಲ. ಕಸೌಲಿ ಮತ್ತು ಸೋಲನ್ ಕಾರ್ಖಾನೆಗಳ ಹಿಂದೆ ಇದ್ದದ್ದು ಎಡ್ವರ್ಡ್ ಡೈಯರ್. 1919ರಲ್ಲಿ ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಲು ಆಜ್ಞೆ ಕೊಟ್ಟ ಜನರಲ್ ಡೈಯರ್ ಅವನ ಮಗ. ಆ ಕಂಪನಿಯನ್ನು 1949ರಲ್ಲಿ ನರೇಂದ್ರನಾಥ ಮೋಹನ್ ಕೊಂಡರು, ಮೋಹನ್ ಮೀಕಿನ್ ಎಂಬ ಹೆಸರು ಹಾಗೆ ಬಂದದ್ದು. ಕಾಲ್ಕಾ-ಶಿಮ್ಲಾ ಪುಟ್ಟ ರೈಲಿನಲ್ಲಿ ಹೋದವರು 'ಸೋಲನ್ ಬ್ರೂವರಿ' ಎಂಬ ನಿಲ್ದಾಣವನ್ನೇ ನೋಡಿರುತ್ತೀರಿ.

ಈಗ ಪೋಲೆಂಡ್. ಎಲ್ಲಿಂದೆಲ್ಲಿಗೆ ಎನ್ನಬೇಡಿ, ನೆಂಟಸ್ತಿಕೆ ಇದೆ. ಪೋಲೆಂಡಿನ ದಕ್ಷಿಣದಲ್ಲಿ, ಬೆಸ್ಕಿಡ್ ಬೆಟ್ಟಗಳ ನಡುವೆ ಸೋವ ನದಿಯ ದಂಡೆಯಲ್ಲಿ ಝಿವ್ಯೆತ್ಸ್ ಎಂಬ ಪಟ್ಟಣವಿದೆ. ಜನಸಂಖ್ಯೆ ಸುಮಾರು 30 ಸಾವಿರ, ನಮ್ಮಲ್ಲಿ ತಾಲ್ಲೂಕು ಕೇಂದ್ರದಷ್ಟು. ಆ ಭಾಗ ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ಆಸ್ಟ್ರಿಯಾದ ರಾಜಮನೆತನ ಹ್ಯಾಬ್ಸ್‌ಬರ್ಗಿನ ಆಲ್ಬ್ರೆಕ್ಟ್ ಎಂಬ ಆರ್ಚ್‌ಡ್ಯೂಕ್ 1856ರಲ್ಲಿ ಅಲ್ಲೊಂದು ಬಿಯರ್ ಕಾರ್ಖಾನೆ ಸ್ಥಾಪಿಸಿದ. ನಮ್ಮ ಕ್ಯಾಸಲ್ ಬ್ರೂವರಿಗಿಂತ ಒಂದೇ ವರ್ಷ ಮೊದಲು. ಬೆಟ್ಟದ ತಣ್ಣನೆಯ ನೀರು, ಮನೆತನದ ಭೂಮಿ, ಬಂಡವಾಳಕ್ಕೆ ಕೊರತೆಯಿರಲಿಲ್ಲ. ಇದು ನಿಜಕ್ಕೂ ಮನೆತನ ಕಟ್ಟಿದ ಕಾರ್ಖಾನೆ.

ಆ ಮನೆತನದ ಮುಂದಿನ ತಲೆಮಾರು ಮಾಡಿದ್ದು ಕುತೂಹಲದ ಕೆಲಸ. 1895ರಲ್ಲಿ ಆಸ್ತಿ ಕಾರ್ಲ್ ಸ್ಟೀಫನ್ ಎಂಬವನಿಗೆ ಬಂತು. ಅವನು ಮಕ್ಕಳಿಗೆ ಪೋಲಿಷ್ ಕಲಿಸಿದ, ಹೆಣ್ಣುಮಕ್ಕಳನ್ನು ಪೋಲಿಷ್ ಮನೆತನಗಳಿಗೆ ಕೊಟ್ಟ. ಆಳಲು ಬಂದವರು ಊರಿನವರಾದರು. ಅವನ ಮಗ ಕಾರೋಲ್ ಓಲ್ಬ್ರಾಖ್ಟ್ ಪೋಲೆಂಡಿನ ಸೈನ್ಯದಲ್ಲಿ ಅಧಿಕಾರಿಯಾದ. 1939ರಲ್ಲಿ ಹಿಟ್ಲರನ ಸೈನ್ಯ ಬಂದಾಗ ಅವನ ಮುಂದೆ ಸುಲಭದ ದಾರಿಯಿತ್ತು. ರಕ್ತದಿಂದ ಜರ್ಮನ್ ಎಂದು ಬರೆದುಕೊಟ್ಟರೆ ಜೀವವೂ ಆಸ್ತಿಯೂ ಉಳಿಯುತ್ತಿತ್ತು. ಅವನು ನಾನು ಪೋಲಿಷ್ ಎಂದ. ಗೆಸ್ಟಾಪೊ ಸೆರೆಯಲ್ಲಿ ಕೊಟ್ಟ ಹಿಂಸೆಗೆ ಒಂದು ಕಣ್ಣು ಹೋಯಿತು, ಅರ್ಧ ದೇಹ ಸ್ವಾಧೀನ ತಪ್ಪಿತು. ಕಾರ್ಖಾನೆ ಜರ್ಮನರ ವಶವಾಯಿತು. ಯುದ್ಧ ಮುಗಿದು ಇನ್ನೇನು ಮರಳಿ ಬಂತು ಎನ್ನುವಾಗ ಕಮ್ಯುನಿಸ್ಟ್ ಸರ್ಕಾರ ಬಂದು 1945ರಲ್ಲಿ ಎಲ್ಲವನ್ನೂ ರಾಷ್ಟ್ರೀಕರಿಸಿತು. ಜರ್ಮನ್ ಆಗಲಿಲ್ಲವೆಂದು ಒಬ್ಬರು ಕಿತ್ತುಕೊಂಡರು, ರಾಜವಂಶದವನೆಂದು ಇನ್ನೊಬ್ಬರು ಕಿತ್ತುಕೊಂಡರು. 1951ರಲ್ಲಿ ಅವನು ಸ್ವೀಡನ್ನಿನಲ್ಲಿ ತೀರಿಕೊಂಡ. ಅದೇ 1951ರಲ್ಲಿ ನಮ್ಮ ಬಂಟ್ವಾಳದವರು ಮದರಾಸಿನಲ್ಲಿ ಮ್ಯಾಕ್‌ಡೊವೆಲ್ ಕೊಳ್ಳುತ್ತಿದ್ದರು.

ಕಮ್ಯುನಿಸಂ ಹೋದ ಮೇಲೆ ಕಾರ್ಖಾನೆ ಷೇರುಪೇಟೆಗೆ ಬಂತು, 1990ರ ದಶಕ ಮುಗಿಯುವುದರೊಳಗೆ ಹೈನೆಕೆನ್ ಅದರ ಒಡೆಯನಾಯಿತು. ಹ್ಯಾಬ್ಸ್‌ಬರ್ಗ್ ವಾರಸುದಾರರು ನ್ಯಾಯಾಲಯದ ಮೆಟ್ಟಿಲೇರಿದರು, 2005ರಲ್ಲಿ ರಾಜಿಯಾಯಿತು. ಕಾರೋಲನ ಮಗಳು ಮಾರಿಯಾ ಕ್ರಿಸ್ಟಿನಾ 2001ರಲ್ಲಿ ಊರಿಗೆ ಮರಳಿ, ಒಂದು ಕಾಲಕ್ಕೆ ತಮ್ಮದೇ ಆಗಿದ್ದ ಕೋಟೆಯರಮನೆಯಲ್ಲಿ ಒಂದು ಚಿಕ್ಕ ವಸತಿಯಲ್ಲಿದ್ದು 2012ರಲ್ಲಿ ತೀರಿಕೊಂಡರು. ಕಾರ್ಖಾನೆಯ ಆವರಣದಲ್ಲಿ 2006ರಲ್ಲಿ ವಸ್ತುಸಂಗ್ರಹಾಲಯ ತೆರೆದಿದೆ. ಬಾಟಲಿಯ ಮೇಲೆ ಇಂದಿಗೂ ಊರಿನದೇ ಹೆಸರು, ಜನಪದ ಉಡುಪಿನಲ್ಲಿ ಕುಣಿಯುವ ಒಂದು ಜೋಡಿ.

ಬೆಂಗಳೂರಿನ ಬಾಟಲಿಯ ಮೇಲೆ ಊರಿಲ್ಲ, ಮಿಂಚುಳ್ಳಿ ಹಕ್ಕಿಯಿದೆ. ವಿಠಲ ಮಲ್ಯ 1983ರ ಅಕ್ಟೋಬರಿನಲ್ಲಿ ತೀರಿಕೊಂಡರು. ಇನ್ನೂ 28 ತುಂಬದ ಮಗ ವಿಜಯ್ ಮಲ್ಯ ಆ ಕುರ್ಚಿಯಲ್ಲಿ ಕುಳಿತರು. ಕಿಂಗ್‌ಫಿಷರ್ ದೇಶದ ಮೂಲೆಮೂಲೆಗೂ ಹೋದದ್ದು ಅವರ ಕಾಲದಲ್ಲಿ. ಮಾರಾಟದ ಜಾಣ್ಮೆಯಲ್ಲಿ ಮಗ ತಂದೆಗೆ ಕಡಿಮೆಯಿರಲಿಲ್ಲ ಎಂದೇ ನನ್ನ ಎಣಿಕೆ. ಆದರೆ ತಂದೆ ಕೊಂಡದ್ದು ಬೇರೆಯವರು ಹೆದರಿ ಬಿಟ್ಟದ್ದನ್ನು, ಮಗ ಕಟ್ಟಿದ್ದು ಬೇರೆಯವರ ಸಾಲದ ಹಣದಲ್ಲಿ. 2005ರಲ್ಲಿ ಹಾರಿದ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ನಿಂತಿತು. ತಿಂಗಳುಗಟ್ಟಲೆ ಸಂಬಳವಿಲ್ಲದ ನೌಕರರು ಬೀದಿಗಿಳಿದರು. ಬ್ಯಾಂಕುಗಳು ಕೇಳಿದ ಬಾಕಿ ಒಂಬತ್ತು ಸಾವಿರ ಕೋಟಿ ರೂಪಾಯಿ. 2016ರ ಮಾರ್ಚಿನಲ್ಲಿ ಅವರು ದೇಶ ಬಿಟ್ಟರು. ತಮ್ಮ ಮೇಲಿನ ವಂಚನೆಯ ಆರೋಪವನ್ನು ಅವರು ಒಪ್ಪುವುದಿಲ್ಲ. ಒಂದು ಮಾತು ನೆನಪಿಡಬೇಕು: ಮುಳುಗಿದ್ದು ವಿಮಾನ, ಬಿಯರಲ್ಲ. ಬಿಯರ್ ಕಂಪನಿಯಲ್ಲಿ ಹೈನೆಕೆನ್ 2008ರಿಂದಲೇ ಪಾಲುದಾರ. ಸಾಲಕ್ಕೆ ಜಪ್ತಿಯಾದ ಮಲ್ಯರ ಷೇರುಗಳು 2021ರ ಜೂನಿನಲ್ಲಿ ಮಾರಾಟವಾದಾಗ ಅದು ಕೊಂಡು ತನ್ನ ಪಾಲನ್ನು ಶೇಕಡಾ 46.5ರಿಂದ 61.5ಕ್ಕೆ ಏರಿಸಿಕೊಂಡಿತು. ಅಲ್ಲಿಗೆ ಝಿವ್ಯೆತ್ಸ್ ಮತ್ತು ಬೆಂಗಳೂರು ಒಂದೇ ಮನೆಯ ಸೊಸೆಯಂದಿರು.

ಈ ಹೈನೆಕೆನ್ ಕೂಡ ಒಂದು ಮನೆತನವೇ. 1864ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಗೆರಾರ್ಡ್ ಹೈನೆಕೆನ್ ಎಂಬ 22ರ ತರುಣ, ಬೇರೆಯವರು ನಡೆಸುತ್ತಿದ್ದ 'ಹುಲ್ಲಿನ ಬಣವೆ' ಎಂಬ ಅರ್ಥದ ಹೆಸರಿನ ಹಳೆಯ ಕಾರ್ಖಾನೆಯನ್ನು ಕೊಂಡ. ಅಂದರೆ ಅವನೂ ಸ್ಥಾಪಿಸಿದವನಲ್ಲ, ವಿಠಲ ಮಲ್ಯರ ಹಾಗೆ ಕೊಂಡವನು, ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ. ಅವನ ವಂಶದ ಹಿಡಿತ ಇಂದಿಗೂ ತಪ್ಪಿಲ್ಲ. ಮೂರು ಮನೆತನಗಳಲ್ಲಿ ನಿಜವಾಗಿ ಕಟ್ಟಿದ್ದು ಹ್ಯಾಬ್ಸ್‌ಬರ್ಗ್ ಒಂದೇ, ತನ್ನ ತಪ್ಪಿಲ್ಲದೆ ಕಳೆದುಕೊಂಡದ್ದೂ ಅದೊಂದೇ.

ಇಷ್ಟೆಲ್ಲ ಒಡೆಯರ ಕಥೆಯಾಯಿತು. ಊರಿಗೆ ಬಂದದ್ದೇನು? ಕೂಲಿ ಬಂತು, ಲಾರಿ ಬಂತು, ತೆರಿಗೆ ಬಂತು. ಬಾರ್ಲಿ ಮಾತ್ರ ನಮ್ಮ ಹೊಲದ್ದಲ್ಲ, ಅದು ರಾಜಸ್ಥಾನ, ಹರಿಯಾಣದ ಕಡೆಯ ಬೆಳೆ. ನಮ್ಮದು ನೀರು. ಈಗ ತಂಪಿಗೆ ಬೆಟ್ಟ ಬೇಕಿಲ್ಲ, ಯಂತ್ರ ಸಾಕು. ಹಾಗಾಗಿ ನಮ್ಮ ಸಂಗಾರೆಡ್ಡಿ ಜಿಲ್ಲೆಯ ಬಿಸಿಲಿನಲ್ಲೂ ಬಿಯರ್ ಕಾರ್ಖಾನೆಗಳಿವೆ.

ಇನ್ನೊಂದು ಲೆಕ್ಕ ಹೆಂಗಸರದು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಣ್ಣುಮಕ್ಕಳು ಸಾರಾಯಿ ಅಂಗಡಿ ಮುಚ್ಚಿಸಿದ್ದು ಇಡೀ ಆಂಧ್ರಪ್ರದೇಶವನ್ನು ಅಲ್ಲಾಡಿಸಿತು. ಅವರ ಗಂಡಂದಿರ ಕೂಲಿ ಹೋಗುತ್ತಿದ್ದುದು ಬಿಯರಿಗಲ್ಲ, ಸಾರಾಯಿಗೆ. 1993ರಲ್ಲಿ ಸಾರಾಯಿ ನಿಂತಿತು. ಎನ್.ಟಿ. ರಾಮರಾವ್ 1994ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿಯಾದ ದಿನವೇ ಕಡತಕ್ಕೆ ಸಹಿ ಹಾಕಿದರು, 1995ರ ಜನವರಿಯಿಂದ ಸಂಪೂರ್ಣ ಪಾನನಿರೋಧ. ಬೀದರ, ರಾಯಚೂರಿನ ಗಡಿಯಾಚೆಯಿಂದ ಬಾಟಲಿಗಳು ಬರುತ್ತಿದ್ದ ಬಗೆಬಗೆಯ ಕಥೆಗಳು ಆಗ ಇಲ್ಲಿದ್ದ ಕನ್ನಡಿಗರಿಗೆಲ್ಲ ಗೊತ್ತು. ಬಸ್ಸಿನಲ್ಲಿ ಊರಿನಿಂದ ಬರುವ ನೆಂಟನ ಚೀಲಕ್ಕೆ ಆ ಎರಡು ವರ್ಷ ಇದ್ದ ಮರ್ಯಾದೆ ಮತ್ತೆಂದೂ ಬರಲಿಲ್ಲ! ಖಜಾನೆ ಬರಿದಾಗಿ 1997ರ ಏಪ್ರಿಲಿನಲ್ಲಿ ಚಂದ್ರಬಾಬು ನಾಯ್ಡು ಸರ್ಕಾರ ನಿಷೇಧ ತೆಗೆಯಿತು. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿ ನಿಲ್ಲಿಸಿತು, ಬಿಯರನ್ನು ಮುಟ್ಟಲಿಲ್ಲ. ಬಡವನ ಮದ್ಯ ಪಾಪ, ಬಾಟಲಿಯದು ಆದಾಯ ಎಂಬ ಈ ವಿಂಗಡಣೆ ನನಗಂತೂ ಒಗ್ಗಿಲ್ಲ. ದೂಬಗುಂಟದ ಹೆಂಗಸರು ಕೇಳಿದ್ದು ಅದನ್ನಲ್ಲ.

ಬೆಂಗಳೂರಿನ ಗ್ರಾಂಟ್ ರಸ್ತೆ ಈಗ ವಿಠಲ ಮಲ್ಯ ರಸ್ತೆ. ಹಳೆಯ ಕಾರ್ಖಾನೆಯಿದ್ದ ಆವರಣದಲ್ಲಿ 2008ರಲ್ಲಿ ಯುಬಿ ಸಿಟಿ ಎಂಬ ಗಾಜಿನ ಗೋಪುರಗಳು ತೆರೆದುಕೊಂಡವು. ಹುದುಗಿದ ಬಾರ್ಲಿಯ ವಾಸನೆಯಿದ್ದಲ್ಲಿ ಈಗ ಪ್ಯಾರಿಸ್ಸಿನ ಸುಗಂಧದ ಅಂಗಡಿ. ಬಿಯರ್ ಕಂಪನಿಯ ನೋಂದಾಯಿತ ಕಚೇರಿ ಇರುವುದು ಅಲ್ಲೇ. ಆಮ್‌ಸ್ಟರ್‌ಡ್ಯಾಮಿನ ಒಡೆಯರು ಕಾಗದ ಬರೆದರೆ ಲಕೋಟೆಯ ಮೇಲೆ ಹಾಕಬೇಕಾದ ವಿಳಾಸ: ಯುಬಿ ಟವರ್, ವಿಠಲ ಮಲ್ಯ ರಸ್ತೆ, ಬೆಂಗಳೂರು.